ಅಜ್ಜನ ಕೋವಿಗೆ ರಸೀದಿ ಉಂಟು, ಹಡಗಿನ ಕೋವಿಗೆ?

ಪ್ರಶ್ನೆ: ನಮ್ಮದು ಆಲ್ದೂರು ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಇದೆ. ಹಂದಿ ಬಂದಾಗ ಹೆದರಿಸಲು ಗಾಳಿಗೆ ಒಂದು ಈಡು ಹಾಕುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಆದರೂ ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರಬೇಕು. ಮುಗಿದ ಮೇಲೆ ಮತ್ತೆ ಹೋಗಿ ಬಿಡಿಸಿಕೊಳ್ಳಬೇಕು. ಒಂದು ಹಳೇ ಕೋವಿಗೆ ಇಷ್ಟೊಂದು ಲೆಕ್ಕ. ಅತ್ತ ಸರ್ಕಾರಗಳೇ ಲಕ್ಷಗಟ್ಟಲೆ ರೈಫಲ್ ಮಾರುತ್ತವೆ. ವಿಶ್ವಸಂಸ್ಥೆ ನಿರ್ಬಂಧ ಹಾಕಿತು ಎಂದು ಪೇಪರಿನಲ್ಲಿ ಓದುತ್ತೇವೆ. ಅದರಿಂದ ಮಾರಾಟ ನಿಜಕ್ಕೂ ನಿಲ್ಲುತ್ತದೆಯೇ, ಅಥವಾ ಸುಮ್ನೆ ಕಾಗದದ ಮಾತೇ? ಇನ್ನೊಂದು ಸಣ್ಣ ಪ್ರಶ್ನೆ: ನಮ್ಮ ಕೋವಿಯ ನಳಿಗೆ ಮೇಲೆ ಕಿರೀಟದಂಥ ಗುರುತಿದೆ. ಅದೇನು?

ಉತ್ತರ: ಠಾಣೆಯ ಆ ಸಾಲಿನಲ್ಲಿ ನಾನೂ ನಿಂತವನೇ. ಇಪ್ಪತ್ತೆರಡು ವರ್ಷ ಸೇನೆಯಲ್ಲಿ ಮದ್ದುಗುಂಡಿನ ಉಗ್ರಾಣ ನೋಡಿಕೊಂಡೆ. ನಿವೃತ್ತಿಯಾದ ಮೇಲೆ ಮೂಡಿಗೆರೆ ಕಡೆ ತೋಟ ಮಾಡಿದೆ. ಈಗ ಚುನಾವಣೆ ಬಂದರೆ ನನ್ನ ಒಂಟಿ ನಳಿಗೆಯನ್ನೂ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋಗಿ ಒಪ್ಪಿಸುತ್ತೇನೆ. ನಿಮ್ಮ ಬೇಸರ ನನಗೆ ಹೊಸದಲ್ಲ.

ಮೊದಲು ನೇರ ಉತ್ತರ. ನಿರ್ಬಂಧ ಹಾಕಿದ್ದರಿಂದಲೇ ಒಂದು ದೇಶ ಕೋವಿ ಮಾರುವುದನ್ನು ಪೂರ್ತಿ ನಿಲ್ಲಿಸಿತು ಎಂಬ ಉದಾಹರಣೆ ನಾನು ನೋಡಿಲ್ಲ. ಆದರೆ ಮಾರಾಟ ಕಷ್ಟವಾದ, ದುಬಾರಿಯಾದ, ತಿಂಗಳುಗಟ್ಟಲೆ ತಡವಾದ ಉದಾಹರಣೆಗಳು ಬೇಕಾದಷ್ಟಿವೆ. ನನ್ನ ಅನುಭವದಲ್ಲಿ ನಿರ್ಬಂಧದ ಬಿಸಿ ತಟ್ಟುವುದು ಕೋವಿಗಲ್ಲ, ಗುಂಡಿಗೆ. ಆ ಮಾತಿಗೆ ಬರುವ ಮೊದಲು ಸ್ವಲ್ಪ ಸುತ್ತು ಹಾಕಬೇಕು.

ಸಣ್ಣ ಶಸ್ತ್ರ ಎಂದರೆ ಒಬ್ಬನೇ ಹೊತ್ತು ಒಬ್ಬನೇ ಬಳಸಬಹುದಾದದ್ದು. ಪಿಸ್ತೂಲು, ರೈಫಲ್, ಲೈಟ್ ಮಷಿನ್ ಗನ್ ಇವೆಲ್ಲ ಅದರಲ್ಲಿ ಬರುತ್ತವೆ. ಭುಜದ ಮೇಲಿಟ್ಟು ಹಾರಿಸುವ ರಾಕೆಟ್, ಸಣ್ಣ ಮಾರ್ಟರ್ ಇವನ್ನು ಲಘು ಶಸ್ತ್ರ ಎಂದು ಪಕ್ಕದ ಗುಂಪಿಗೆ ಸೇರಿಸುತ್ತಾರೆ. ಮಾತನಾಡುವಾಗ ಎರಡೂ ಜೊತೆಗೇ ಬರುತ್ತವೆ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಬಂದೂಕುಗಳಿವೆ. ಅದರಲ್ಲಿ 85.7 ಕೋಟಿ ಜನಸಾಮಾನ್ಯರ ಕೈಯಲ್ಲಿ, 13.3 ಕೋಟಿ ಸೇನೆಗಳ ಬಳಿ, 2.3 ಕೋಟಿ ಪೊಲೀಸರ ಬಳಿ. ನಿಮ್ಮ ಅಜ್ಜನ ಕೋವಿಯೂ ಆ ಮೊದಲ ಲೆಕ್ಕದಲ್ಲೇ ಇದೆ.

ಈಗ ನಿರ್ಬಂಧದ ಕಡೆ ಬರೋಣ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಹಾಕಿದರೆ ಎಲ್ಲ ಸದಸ್ಯ ದೇಶಗಳೂ ಪಾಲಿಸಲೇಬೇಕು. ಇದರಲ್ಲಿ ಎರಡು ಬಗೆಯಿದೆ. ಒಂದು, ಇಂಥ ದೇಶಕ್ಕೆ ಯಾರೂ ಶಸ್ತ್ರ ಮಾರಬೇಡಿ ಎನ್ನುವುದು. ಇನ್ನೊಂದು, ಇಂಥ ದೇಶದಿಂದ ಯಾರೂ ಶಸ್ತ್ರ ಕೊಳ್ಳಬೇಡಿ ಎನ್ನುವುದು. ಪೇಪರಿನಲ್ಲಿ ಬರುವುದು ಹೆಚ್ಚಾಗಿ ಮೊದಲ ಬಗೆ. ನೀವು ಕೇಳಿದ್ದು ಎರಡನೆಯದು, ಮಾರುವ ಸರ್ಕಾರದ ಕೈ ಕಟ್ಟುವುದು. ಅದು ಬಹಳ ಅಪರೂಪ. ಉತ್ತರ ಕೊರಿಯಾ ಮೇಲೆ ಹಾಕಿದ್ದಾರೆ. ಇರಾನ್ ಮೇಲೆ 2007ರಲ್ಲಿ ಹಾಕಿದರು. ಎರಿಟ್ರಿಯಾ ಮೇಲೆ 2009ರಲ್ಲಿ ಹಾಕಿ 2018ರಲ್ಲಿ ತೆಗೆದರು. 2011ರಲ್ಲಿ ಲಿಬಿಯಾ ಮೇಲೂ ಹಾಕಿದರು. ಬೆರಳಲ್ಲಿ ಎಣಿಸಬಹುದು.

ಈ ಪಟ್ಟಿಯಲ್ಲಿ ದೊಡ್ಡ ವ್ಯಾಪಾರಿಗಳು ಯಾರೂ ಇಲ್ಲ, ಗಮನಿಸಿದಿರಾ? ಅಮೆರಿಕ, ರಷ್ಯಾ, ಚೀನಾ, ಫ್ರಾನ್ಸ್, ಬ್ರಿಟನ್ ಈ ಐವರಿಗೂ ಮಂಡಳಿಯಲ್ಲಿ ವಿಟೊ, ಅಂದರೆ ಒಬ್ಬರೇ ನಿರ್ಣಯ ತಡೆಯುವ ಅಧಿಕಾರ, ಇದೆ. ಐವರೂ ಶಸ್ತ್ರ ಮಾರುವವರೇ. ತಮ್ಮ ಅಂಗಡಿಗೆ ತಾವೇ ಬೀಗ ಹಾಕುವವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ರಫ್ತು ನಿರ್ಬಂಧ ಎಂಬುದು ಸಂತೆಯ ಮೂಲೆಯಲ್ಲಿ ಚಾಪೆ ಹಾಸಿ ಕೂತವನಿಗೆ ಮಾತ್ರ ಇರುವ ಕಾನೂನು.

ಇನ್ನು ಆ ಚಾಪೆಯವರ ಮೇಲಾದರೂ ಅದು ಕೆಲಸ ಮಾಡಿದೆಯೇ? ಉತ್ತರ ಕೊರಿಯಾದ ಕತೆ ಕೇಳಿ. 2006ರಲ್ಲಿ ಅದು ಅಣು ಪರೀಕ್ಷೆ ಮಾಡಿದ ಮೇಲೆ ಟ್ಯಾಂಕು, ಕ್ಷಿಪಣಿಯಂಥ ದೊಡ್ಡ ಶಸ್ತ್ರಗಳ ವ್ಯಾಪಾರವನ್ನು ಮಂಡಳಿ ನಿಷೇಧಿಸಿತು. 2009ರ ಜೂನ್‌ನಲ್ಲಿ 1874ನೇ ನಿರ್ಣಯ ಬಂತು. ಉತ್ತರ ಕೊರಿಯಾ ಯಾವ ಶಸ್ತ್ರವನ್ನೂ ಹೊರಗೆ ಮಾರುವಂತಿಲ್ಲ ಎಂದಾಯಿತು. ಆದರೆ ತಮಾಷೆ ನೋಡಿ, ಅದು ಹೊರಗಿನಿಂದ ಸಣ್ಣ ಶಸ್ತ್ರ ಕೊಳ್ಳಲು ದಾರಿ ಬಿಟ್ಟಿದ್ದರು. ಆ ಕಿಂಡಿ ಮುಚ್ಚಿದ್ದು 2016ರ ಮಾರ್ಚ್‌ನಲ್ಲಿ. ಏಳು ವರ್ಷ ಬೇಕಾಯಿತು.

ನಿರ್ಣಯ ಬಂದ ಆರೇ ತಿಂಗಳಿಗೆ, 2009ರ ಡಿಸೆಂಬರ್‌ನಲ್ಲಿ, ಪ್ಯೋಂಗ್ಯಾಂಗ್‌ನಿಂದ ಹೊರಟ ಇಲ್ಯುಷಿನ್ ಸರಕು ವಿಮಾನವೊಂದು ಇಂಧನಕ್ಕೆಂದು ಬ್ಯಾಂಕಾಕ್‌ನಲ್ಲಿ ಇಳಿಯಿತು. ಕಾಗದದಲ್ಲಿ ಎಣ್ಣೆ ಬಾವಿ ಕೊರೆಯುವ ಸಾಮಾನು ಎಂದಿತ್ತು. ಒಳಗಿದ್ದದ್ದು 35 ಟನ್ ಶಸ್ತ್ರ. 2016ರ ಆಗಸ್ಟ್‌ನಲ್ಲಿ ಇನ್ನೂ ದೊಡ್ಡದು ಸಿಕ್ಕಿತು. ಜೀ ಶುನ್ ಎಂಬ ಹಡಗು. ಬಾವುಟ ಕಾಂಬೋಡಿಯಾದ್ದು, ಕ್ಯಾಪ್ಟನ್ ಉತ್ತರ ಕೊರಿಯಾದವನು. ಸೂಯೆಜ್ ಕಾಲುವೆ ದಾರಿಯಲ್ಲಿ ಈಜಿಪ್ಟಿನವರು ತಡೆದು ತಪಾಸಣೆ ಮಾಡಿದರು. ಮೇಲೆ ಕಬ್ಬಿಣದ ಅದಿರು, ಕೆಳಗೆ 30,000 ರಾಕೆಟ್ ಗ್ರೆನೇಡ್. ಸುಳಿವು ಕೊಟ್ಟಿದ್ದು ಅಮೆರಿಕ. ಮುಂದಿನ ವರ್ಷ ಅಮೆರಿಕದ ಪತ್ರಿಕೆಯೊಂದು ಬರೆದದ್ದು ಓದಿ ನನಗೆ ನಗು ಬಂತು. ಆ ಮಾಲನ್ನು ಕೊಳ್ಳಲು ಹೊರಟವರೂ ಈಜಿಪ್ಟಿನವರೇ ಅಂತೆ! ಹಿಡಿದವನ ಮನೆಗೇ ಹೊರಟ ಮಾಲು.

ಇದರಲ್ಲಿ ಎರಡು ಪಾಠ ಇದೆ. ಒಂದು, ನಿರ್ಬಂಧ ಇದ್ದರೂ ಮಾಲು ಹೊರಟಿತು. ಇನ್ನೊಂದು, ನಿರ್ಬಂಧ ಇದ್ದದ್ದರಿಂದಲೇ ಅದನ್ನು ತಡೆಯುವ ಹಕ್ಕು ದಾರಿಯಲ್ಲಿದ್ದ ದೇಶಕ್ಕೆ ಸಿಕ್ಕಿತು. ನಿರ್ಣಯ ಇರದಿದ್ದರೆ 30,000 ಗ್ರೆನೇಡ್ ಸಾಗಿಸುವುದು ಸಾಮಾನ್ಯ ವ್ಯಾಪಾರವೇ ಆಗುತ್ತಿತ್ತು. ಅದಿರಿನ ಕೆಳಗೆ ಹೂಳುವ ಖರ್ಚು, ಬಾಡಿಗೆ ಬಾವುಟ, ಸುಳ್ಳು ಕಾಗದ, ಸಿಕ್ಕಿಬಿದ್ದರೆ ಪೂರ್ತಿ ನಷ್ಟ. ಇಷ್ಟನ್ನೂ ಸೇರಿಸಿ ಬೆಲೆ ಕಟ್ಟಬೇಕು. ನಿರ್ಬಂಧ ಒಂದು ರೀತಿಯ ತೆರಿಗೆ ಎಂದು ನಾನು ಅದಕ್ಕೇ ಹೇಳುವುದು.

ಇರಾನ್ ಕತೆಗೆ ಚಿಕ್ಕಮಗಳೂರಿನವರು ಸ್ವಲ್ಪ ಕಿವಿಗೊಡಬೇಕು. ಯಾಕೆಂದರೆ ಅದರ ಕೊನೆ ಯೆಮನ್ ಕರಾವಳಿಯಲ್ಲಿ. ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ಯೆಮನ್‌ನ ಮೋಖಾ ಬಂದರಿನಿಂದ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಮೊಳಕೆ ಬರುವ ಬೀಜವನ್ನು ಅರಬರು ಹೊರಗೆ ಬಿಡುತ್ತಿರಲಿಲ್ಲ. ಅದೂ ಒಂದು ರಫ್ತು ನಿರ್ಬಂಧವೇ, ಅಲ್ವಾ? ಏಳು ಬೀಜ ದಾಟಿದ್ದಕ್ಕೆ ಗಿರಿಯ ಸುತ್ತ ಇಷ್ಟು ತೋಟ ಎದ್ದವು.

ಅದೇ ಯೆಮನ್ ಕರಾವಳಿಯತ್ತ ಈಗ ಇರಾನ್ ಕಡೆಯಿಂದ ಮರದ ದೋಣಿಗಳಲ್ಲಿ ರೈಫಲ್ ಬರುತ್ತಿವೆ. ಇರಾನ್ ಶಸ್ತ್ರ ಮಾರಬಾರದು ಎಂದು 2007ರಲ್ಲಿ ಹಾಕಿದ ನಿರ್ಬಂಧ 2020ರ ಅಕ್ಟೋಬರ್‌ನಲ್ಲಿ ಮುಗಿದಿತ್ತು. ಆದರೆ ಯೆಮನ್‌ನ ಹೌತಿ ಬಂಡುಕೋರರಿಗೆ ಯಾರೂ ಶಸ್ತ್ರ ಕೊಡಬಾರದು ಎಂಬ 2015ರ ನಿರ್ಣಯ ಜಾರಿಯಲ್ಲೇ ಇತ್ತು. ಅಮೆರಿಕದ ನೌಕಾಪಡೆ 2021ರ ಡಿಸೆಂಬರ್‌ನಲ್ಲಿ ಒಂದು ಮೀನುಗಾರಿಕೆ ದೋಣಿಯಿಂದ ಸುಮಾರು 1,400 ಎಕೆ ರೈಫಲ್ ಮತ್ತು 2,26,600 ಗುಂಡು ಹಿಡಿಯಿತು. 2023ರ ಜನವರಿಯಲ್ಲಿ ಇನ್ನೊಂದು ದೋಣಿಯಲ್ಲಿ 2,116 ರೈಫಲ್ ಸಿಕ್ಕಿದವು. ಆಮೇಲೆ ಏನಾಯಿತು ಗೊತ್ತೇ? ಹೀಗೆ ಹಿಡಿದ ಹನ್ನೊಂದು ಲಕ್ಷ ಗುಂಡುಗಳನ್ನು 2023ರ ಅಕ್ಟೋಬರ್‌ನಲ್ಲಿ ಅಮೆರಿಕ ಯುಕ್ರೇನ್‌ಗೆ ಕೊಟ್ಟಿತು. ಮರುವರ್ಷ 5,000ಕ್ಕೂ ಹೆಚ್ಚು ರೈಫಲ್‌ಗಳನ್ನೂ ಕೊಟ್ಟಿತು. ಒಂದು ಯುದ್ಧಕ್ಕೆ ಹೊರಟ ಮಾಲು ಇನ್ನೊಂದು ಯುದ್ಧಕ್ಕೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಇರಾನ್ ಮೇಲಿನ ಹಳೇ ನಿರ್ಬಂಧಗಳು ಮತ್ತೆ ಜಾರಿಗೆ ಬಂದವು. ರಷ್ಯಾ, ಚೀನಾ ಅದನ್ನು ಒಪ್ಪುವುದಿಲ್ಲ ಎಂದಿವೆ. ಅಂದರೆ ನಿರ್ಬಂಧ ಇದೆಯೋ ಇಲ್ಲವೋ ಎಂಬುದರಲ್ಲೇ ಜಗಳ.

ಲಿಬಿಯಾದ್ದು ಬೇರೆಯೇ ತರ. ಗಡಾಫಿ ಸರ್ಕಾರ ಬಿದ್ದ ಮೇಲೆ ಉಗ್ರಾಣಗಳಿಗೆ ಬಾಗಿಲೇ ಇರಲಿಲ್ಲ. ಕೋವಿಗಳು ಮರಳುಗಾಡು ದಾಟಿ ಮಾಲಿ ದೇಶದವರೆಗೆ ಹೋದವು. ಮಾರುವ ಸರ್ಕಾರವೇ ಇಲ್ಲದ ಕಡೆ ರಫ್ತು ನಿಲ್ಲಿಸಿ ಎಂದು ಹೇಳುವುದು ಯಾರಿಗೆ? ಅಲ್ಲಿನ ಶಸ್ತ್ರ ನಿರ್ಬಂಧ ಒಂದಿಷ್ಟೂ ಪರಿಣಾಮ ಬೀರಿಲ್ಲ ಎಂದು ವಿಶ್ವಸಂಸ್ಥೆಯದೇ ತಜ್ಞರ ಸಮಿತಿ 2021ರಲ್ಲಿ ಬರೆಯಿತು.

ದಕ್ಷಿಣ ಆಫ್ರಿಕಾದ ಅನುಭವ ಹಳೆಯದು, ಆದರೆ ನನಗೆ ಬಹಳ ಮುಖ್ಯ ಅನಿಸುತ್ತದೆ. ವರ್ಣಭೇದ ನೀತಿಗಾಗಿ ಅದಕ್ಕೆ ಶಸ್ತ್ರ ಕೊಡಬಾರದು ಎಂದು 1977ರ ನವೆಂಬರ್‌ನಲ್ಲಿ ಕಡ್ಡಾಯ ನಿರ್ಬಂಧ ಬಂತು. ಅದು ಏನು ಮಾಡಿತು? ಇಸ್ರೇಲ್‌ನ ಗಲಿಲ್ ರೈಫಲ್ ಮಾದರಿಯಲ್ಲಿ ತನ್ನದೇ ಆರ್-4 ರೈಫಲ್ ಮಾಡಿಕೊಂಡಿತು. ಆ ಗಲಿಲ್ ಕೂಡ ರಷ್ಯಾದ ಕಲಾಶ್ನಿಕೋವ್, ಅಂದರೆ ಎಕೆ ರೈಫಲ್‌ನ ಮೊಮ್ಮಗನೇ. ಫಿರಂಗಿ ಮಾಡಿತು, ಇರಾಕ್‌ಗೆ ಮಾರಿತು. ಕೊನೆಗೆ 1984ರಲ್ಲಿ, ದಕ್ಷಿಣ ಆಫ್ರಿಕಾದಿಂದ ಶಸ್ತ್ರ ಕೊಳ್ಳಬೇಡಿ ಎಂದು ಮಂಡಳಿ ಇನ್ನೊಂದು ನಿರ್ಣಯದಲ್ಲಿ ಕೇಳಿಕೊಳ್ಳಬೇಕಾಯಿತು. ಕೊಳ್ಳಲು ಬಿಡದಿದ್ದವನೇ ಮಾರುವವನಾದ. ಅಲ್ಲಿ ನಿರ್ಬಂಧ ಸೋತಿತೇ? ಯುದ್ಧ ವಿಮಾನದಂಥ ದೊಡ್ಡ ಸಾಮಾನಿನ ಮಟ್ಟಿಗೆ ಅದು ಕಾಟ ಕೊಟ್ಟಿತು. ರೈಫಲ್‌ನಂಥ ಸರಳ ಯಂತ್ರಕ್ಕೆ ತಡೆಯಾಗಲಿಲ್ಲ. ಒಳ್ಳೆ ಲೇತ್, ಒಳ್ಳೆ ಉಕ್ಕು, ಒಂದಿಷ್ಟು ಕುಶಲ ಕೆಲಸಗಾರರು ಇದ್ದರೆ ರೈಫಲ್ ಆಗಿಬಿಡುತ್ತದೆ. ಏಳು ಬೀಜದ ಕತೆಯೇ ಅಲ್ಲಿಯೂ ಆಯಿತು.

ಒಂದೊಂದು ದೇಶ ತಾನೇ ಹಾಕುವ ನಿರ್ಬಂಧದಲ್ಲೂ ಹೀಗೇ ಆಗುತ್ತದೆ. ಯುಕ್ರೇನ್ ವಿಷಯದಲ್ಲಿ 2014ರ ಜುಲೈನಲ್ಲಿ ಅಮೆರಿಕ ರಷ್ಯಾದ ಕಲಾಶ್ನಿಕೋವ್ ಕಂಪನಿಯ ಮೇಲೆ ನಿರ್ಬಂಧ ಹಾಕಿತು. ಅಮೆರಿಕದ ಬೇಟೆಗಾರರು ಆ ಕಂಪನಿಗೆ ಒಳ್ಳೆ ಗಿರಾಕಿಗಳಾಗಿದ್ದರು. ಆಮದು ನಿಂತಿತು, ನಿಜ. ಆಮೇಲೆ ಕಲಾಶ್ನಿಕೋವ್ ಯುಎಸ್‌ಎ ಎಂಬ ಕಂಪನಿ ಅಮೆರಿಕದಲ್ಲೇ ಅಂಥ ಕೋವಿ ಮಾಡತೊಡಗಿತು. ನಮ್ಮ ಕಡೆಯೂ ನೋಡಿ. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ ರಷ್ಯಾದ ಪಾಲುದಾರಿಕೆಯಲ್ಲಿ ಎಕೆ-203 ರೈಫಲ್ ತಯಾರಾಗುತ್ತಿದೆ. 2021ರ ಡಿಸೆಂಬರ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ರೈಫಲ್‌ಗೆ ಒಪ್ಪಂದವಾಯಿತು. ರೈಫಲ್ಲೇ ಗಡಿ ದಾಟಬೇಕು ಎಂದಿಲ್ಲ. ನಕ್ಷೆ ದಾಟಿದರೆ ಸಾಕು.

ರಷ್ಯಾದ ಶಸ್ತ್ರ ರಫ್ತು ಕುಸಿದಿದೆಯಲ್ಲ ಎಂದು ಕೆಲವರು ಕೇಳಬಹುದು. ಹೌದು, ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ 2015-19ಕ್ಕೆ ಹೋಲಿಸಿದರೆ 2020-24ರಲ್ಲಿ ಶೇ 64ರಷ್ಟು ಇಳಿದಿದೆ. ಆದರೆ ಆ ಲೆಕ್ಕ ವಿಮಾನ, ಟ್ಯಾಂಕು, ಕ್ಷಿಪಣಿಗಳದ್ದು. ಇಳಿಕೆಗೆ ನಿರ್ಬಂಧವೂ ಒಂದು ಕಾರಣ. ತನ್ನ ಯುದ್ಧಕ್ಕೇ ಮಾಲು ಸಾಲುತ್ತಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ ಇರಬಹುದು ಎಂದು ನನ್ನ ಅಂದಾಜು.

ಈಗ ಕಾಗದದ ವಿಷಯ. ಕಾಗದದ ಮಾತೇ ಎಂದು ಕೇಳಿದಿರಲ್ಲ, ಶಸ್ತ್ರ ವ್ಯಾಪಾರ ಪೂರ್ತಿ ನಿಂತಿರುವುದು ಒಂದು ಕಾಗದದ ಮೇಲೆ. ಅಂತಿಮ ಬಳಕೆದಾರರ ಪ್ರಮಾಣಪತ್ರ ಎನ್ನುತ್ತಾರೆ. ಈ ಮಾಲು ನಮ್ಮ ಸೇನೆಗೇ, ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಕೊಳ್ಳುವ ಸರ್ಕಾರ ಬರೆದುಕೊಡುವ ಪತ್ರ ಅದು. ಮಾರುವ ಸರ್ಕಾರ ಅದನ್ನು ನೋಡಿ ಪರವಾನಗಿ ಕೊಡುತ್ತದೆ. ಕಳ್ಳದಾರಿ ಶುರುವಾಗುವುದೂ ಅಲ್ಲೇ.

ಹಳೇ ಕಾಫಿ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಕಾಫಿ ಬೆಳೆಯುವ ಒಂದೊಂದು ದೇಶಕ್ಕೂ ಇಷ್ಟೇ ರಫ್ತು ಎಂದು ಕೋಟಾ ಇತ್ತು. ಒಪ್ಪಂದದೊಳಗಿನ ದೇಶಗಳಿಗೆ ಮಾರುವಾಗ ಮಾತ್ರ ಆ ಮಿತಿ. ಹೊರಗಿನ ದೇಶಗಳಿಗೆ ಎಷ್ಟು ಬೇಕಾದರೂ ಮಾರಬಹುದು, ಬೆಲೆ ಮಾತ್ರ ಕಡಿಮೆ. ಹಾಗೆ ಅಗ್ಗಕ್ಕೆ ಹೋದ ಮೂಟೆಗಳು ದಾರಿ ಮಧ್ಯೆ ಚೀಟಿ ಬದಲಿಸಿಕೊಂಡು, ಒಪ್ಪಂದದೊಳಗಿನ ದೇಶಗಳ ಬಂದರಿನಲ್ಲಿ ಇಳಿಯುತ್ತಿದ್ದವು. ವ್ಯಾಪಾರಿಗಳು ಇದಕ್ಕೆ ಟೂರಿಸ್ಟ್ ಕಾಫಿ ಎಂದೇ ಹೆಸರಿಟ್ಟಿದ್ದರು. ಮೂಲ ಪ್ರಮಾಣಪತ್ರ, ಸ್ಟಾಂಪು ಎಲ್ಲ ಇದ್ದವು. 1989ರ ಜುಲೈನಲ್ಲಿ ಕೋಟಾ ಪದ್ಧತಿ ಬಿದ್ದುಹೋಗುವವರೆಗೂ ಪ್ರವಾಸ ನಡೆಯಿತು.

ಟೂರಿಸ್ಟ್ ಕೋವಿಯೂ ಇದೆ. 1999ರ ಮಾರ್ಚ್‌ನಲ್ಲಿ ಯುಕ್ರೇನ್‌ನಿಂದ 68 ಟನ್ ಶಸ್ತ್ರ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊಗೆ ಹೋಯಿತು. ಪ್ರಮಾಣಪತ್ರ ಬುರ್ಕಿನಾ ಫಾಸೊದ್ದೇ. ಮಾಲು ಅಲ್ಲಿ ಇಳಿದು, ಬೇರೆ ವಿಮಾನ ಹತ್ತಿ, ನಿರ್ಬಂಧದಲ್ಲಿದ್ದ ಲೈಬೀರಿಯಾ ಸೇರಿತು. ಅಲ್ಲಿಂದ ಪಕ್ಕದ ಸಿಯೆರಾ ಲಿಯೋನ್ ಯುದ್ಧಕ್ಕೂ ಹೋಯಿತು. ಮಾರಿದ ಸರ್ಕಾರ ನನ್ನ ಕಾಗದ ಸರಿಯಿದೆ ಎನ್ನಬಹುದು. ಕಾಗದ ನಿಜಕ್ಕೂ ಸರಿಯಾಗಿಯೇ ಇತ್ತು!

ನಮ್ಮ ದೇಶದ ಪುರುಲಿಯಾ ಪ್ರಕರಣ ನೆನಪಿರಬಹುದು. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಹಳ್ಳಿಗಳ ಮೇಲೆ ವಿಮಾನದಿಂದ ನೂರಾರು ಎಕೆ ರೈಫಲ್, ಲಕ್ಷಾಂತರ ಗುಂಡು ಉದುರಿದವು. ಮಾಲು ಬಲ್ಗೇರಿಯಾದ್ದು. ತೋರಿಸಿದ್ದು ಬಾಂಗ್ಲಾದೇಶದ ಹೆಸರಿನ ನಕಲಿ ಪತ್ರ. ಒಂದು ಫೋನ್ ಮಾಡಿ ಢಾಕಾದಲ್ಲಿ ವಿಚಾರಿಸಿದ್ದರೆ ಸಾಕಿತ್ತು.

ಇದು ಬಡ ದೇಶಗಳ ರೋಗ ಅಂದುಕೊಳ್ಳಬೇಡಿ. ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿ ಮೆಕ್ಸಿಕೊಗೆ ಸಾವಿರಾರು ಜಿ-36 ರೈಫಲ್ ಕಳಿಸಿತು. ಮಾನವ ಹಕ್ಕು ಹದಗೆಟ್ಟಿದ್ದ ಕೆಲವು ರಾಜ್ಯಗಳಿಗೆ ಕೊಡಬಾರದು ಎಂಬುದು ಜರ್ಮನ್ ಸರ್ಕಾರದ ಷರತ್ತು. ಪತ್ರದಲ್ಲಿ ಬೇರೆ ರಾಜ್ಯಗಳ ಹೆಸರು ಬರೆದರು. ಕೋವಿ ಹೋಗಬಾರದ ಕಡೆಗೇ ಹೋದವು. 2019ರಲ್ಲಿ ಸ್ಟುಟ್‌ಗಾರ್ಟ್ ಕೋರ್ಟು ಇಬ್ಬರು ಮಾಜಿ ಉದ್ಯೋಗಿಗಳಿಗೆ ಶಿಕ್ಷೆ, ಕಂಪನಿಗೆ 37 ಲಕ್ಷ ಯೂರೊ ದಂಡ ಹಾಕಿತು. ಈ ಗಲಾಟೆಯ ನಡುವೆಯೇ 2015ರಲ್ಲಿ ಜರ್ಮನಿ ಒಂದು ಒಳ್ಳೆ ಕೆಲಸ ಮಾಡಿತು. ಮಾರಿದ ಮೇಲೆ ಕೊಂಡ ದೇಶಕ್ಕೆ ತನ್ನ ಅಧಿಕಾರಿಗಳನ್ನು ಕಳಿಸಿ ಕೋವಿ ಎಣಿಸುವ ಪದ್ಧತಿ ತಂದಿತು. ನಿಮ್ಮ ಠಾಣೆಯವರು ಮಾಡುವುದೂ ಅದೇ. ಪುಸ್ತಕದ ನಂಬರ್ ಮತ್ತು ಕೋವಿಯ ನಂಬರ್ ಒಂದೇನಾ ಎಂದು ನೋಡುವುದು. ನಿಮಗೆ ಕಿರಿಕಿರಿ ಅನಿಸುವ ಆ ಕೆಲಸ ಜಗತ್ತಿನ ಬಹುಪಾಲು ಶಸ್ತ್ರ ಮಾರಾಟದಲ್ಲಿ ನಡೆಯುವುದೇ ಇಲ್ಲ.

ಇನ್ನು ಗುಂಡಿನ ಮಾತಿಗೆ ಬರುತ್ತೇನೆ.

ನಾನು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಒಂದು ವರ್ಷ ಪೂರ್ವ ಕಾಂಗೋದ ಗೋಮಾದಲ್ಲಿದ್ದೆ. ಅಲ್ಲಿ ಕಾದಾಡುವ ಗುಂಪುಗಳಿಗೆ ಶಸ್ತ್ರ ಕೊಡಬಾರದು ಎಂದು 2003ರಲ್ಲೇ ನಿರ್ಬಂಧ ಬಂದಿತ್ತು. ಹುಡುಗರು ಬಂದು ಶಸ್ತ್ರ ಒಪ್ಪಿಸಿದಾಗ ಲೆಕ್ಕ ಬರೆದುಕೊಳ್ಳುವುದು ನನ್ನ ಕೆಲಸ. ಬಂದ ರೈಫಲ್‌ಗಳಲ್ಲಿ ಹಲವು ನನಗಿಂತ ಸ್ವಲ್ಪವೇ ಕಿರಿಯವು. ಮರದ ಹಿಡಿ ಒಡೆದಿರುತ್ತಿತ್ತು, ತಂತಿ ಸುತ್ತಿರುತ್ತಿದ್ದರು. ನಂಬರ್ ಉಜ್ಜಿ ಅಳಿಸಿರುತ್ತಿತ್ತು. ಆದರೂ ಹಾರುತ್ತಿದ್ದವು. ಒಮ್ಮೆ ಹಳೇ ರೈಫಲ್ ಒಂದನ್ನು ಒಪ್ಪಿಸಿದ ಹುಡುಗನ ಜೇಬಿನಲ್ಲಿ ನಾಲ್ಕೇ ಗುಂಡು ಇದ್ದವು. ತಿರುಗಿಸಿ ತಳ ನೋಡಿದೆ. ಮಿಲಿಟರಿ ಗುಂಡಿನ ತಳದಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಗುರುತು, ತಯಾರಾದ ಇಸವಿ ಒತ್ತಿರುತ್ತಾರೆ. ರೈಫಲ್ ಯಾವುದೋ ಕಾಲದ್ದು. ಗುಂಡು ಮಾತ್ರ ನಿರ್ಬಂಧ ಬಂದ ಮೇಲಿನದು. ಎಲ್ಲಿಂದ ಬಂತು ಎಂದು ಕೇಳಿದೆ. ಅವನು ಬೆಟ್ಟದ ಕಡೆ ಕೈ ತೋರಿಸಿದ, ಅಷ್ಟೆ.

ಅವತ್ತಿನಿಂದ ನನ್ನ ಯೋಚನೆ ಬದಲಾಯಿತು. ರೈಫಲ್ ಎಂಬುದು ಕಾಫಿ ಗಿಡ ಇದ್ದ ಹಾಗೆ. ಒಮ್ಮೆ ನೆಟ್ಟರೆ ಐವತ್ತು ವರ್ಷ ಇರುತ್ತದೆ. ಗುಂಡು ಗೊಬ್ಬರ ಇದ್ದ ಹಾಗೆ. ಪ್ರತಿ ಮಳೆಗೂ ಮತ್ತೆ ತರಬೇಕು. ಎಕೆ ರೈಫಲ್‌ನ ವೇಗ ನಿಮಿಷಕ್ಕೆ ಸುಮಾರು 600 ಗುಂಡು. 30 ಗುಂಡಿನ ಮ್ಯಾಗಜಿನ್ ಮೂರು ಸೆಕೆಂಡಿಗೆ ಖಾಲಿ. ಸಾವಿರ ಜನರ ಗುಂಪು ಒಂದು ವಾರ ಕಾದಾಡಬೇಕಾದರೆ ಲಾರಿಗಟ್ಟಲೆ ಗುಂಡು ಬೇಕು. ಲಾರಿ ಎಂದರೆ ಭಾರ, ಭಾರ ಎಂದರೆ ಹಡಗು ಇಲ್ಲವೇ ವಿಮಾನ, ಹಡಗು ಎಂದರೆ ಬಂದರು, ಬಂದರು ಎಂದರೆ ಒಬ್ಬ ಕಸ್ಟಮ್ಸ್ ಅಧಿಕಾರಿ. ನಿರ್ಬಂಧಕ್ಕೆ ಹಿಡಿ ಸಿಗುವುದು ಅಲ್ಲಿ. ಕದ್ದು ರೈಫಲ್ ಮಾಡಿಕೊಳ್ಳಬಹುದು. ಒಂದೇ ಅಳತೆಯ ಹಿತ್ತಾಳೆ ಕೇಸು, ಕ್ಯಾಪು, ಮದ್ದು ಸೇರಿಸಿ ಲಕ್ಷಗಟ್ಟಲೆ ಗುಂಡು ಮಾಡಲು ದೊಡ್ಡ ಕಾರ್ಖಾನೆಯೇ ಬೇಕು.

ಲೈಬೀರಿಯಾದ ಆಗಿನ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ ಇದು ಗೊತ್ತಿತ್ತು. 2000ದ ಜುಲೈನಲ್ಲಿ ಐವರಿ ಕೋಸ್ಟ್ ಹೆಸರಿನ ಪತ್ರದಲ್ಲಿ ಯುಕ್ರೇನ್‌ನಿಂದ ವಿಮಾನದಲ್ಲಿ ಬಂದದ್ದು 113 ಟನ್, 50 ಲಕ್ಷ ಗುಂಡು. ಬರೀ ಗುಂಡೇ, ಗಮನಿಸಿ. ಆಮೇಲೆ ಮಂಡಳಿಯೂ ಸ್ವಲ್ಪ ಬುದ್ಧಿ ಕಲಿಯಿತು. ಶಸ್ತ್ರದ ಜೊತೆಗೆ ಶಸ್ತ್ರ ಕೊಳ್ಳುವ ದುಡ್ಡಿನ ಮೇಲೂ ಕೈ ಹಾಕಿತು. 2001ರಲ್ಲಿ ಲೈಬೀರಿಯಾದ ವಜ್ರ, 2003ರ ಜುಲೈನಿಂದ ಮರದ ದಿಮ್ಮಿ ನಿಷೇಧವಾದವು. 2003ರ ಆಗಸ್ಟ್‌ನಲ್ಲಿ ಟೇಲರ್ ಅಧಿಕಾರ ಬಿಟ್ಟ. ನಿರ್ಬಂಧವೇ ಅವನನ್ನು ಬೀಳಿಸಿತು ಎಂದರೆ ಸುಳ್ಳಾಗುತ್ತದೆ. ಬಂಡುಕೋರರು ರಾಜಧಾನಿ ಬಾಗಿಲಿಗೇ ಬಂದಿದ್ದರು. ಆದರೆ ದುಡ್ಡಿನ ಕೊರಳು ಬಿಗಿಯಾದದ್ದೂ ಸುಳ್ಳಲ್ಲ. 2012ರಲ್ಲಿ ಅವನಿಗೆ 50 ವರ್ಷ ಸೆರೆವಾಸ ವಿಧಿಸಿದರು.

ನಿಮ್ಮ ಲೈಸೆನ್ಸ್ ಪುಸ್ತಕ ತೆರೆದು ನೋಡಿ. ಕೋವಿ ನಂಬರ್ ಜೊತೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಂದೂ ಬರೆದಿರುತ್ತದೆ. ನಮ್ಮ ಕಾನೂನು ಮಾಡಿದವರು ಗುಂಡಿನ ಬೆಲೆ ತಿಳಿದವರು. ದೇಶ ದೇಶಗಳ ನಡುವೆ ಗುಂಡಿನ ಲೆಕ್ಕಕ್ಕೆ ವಿಶ್ವಸಂಸ್ಥೆಯಲ್ಲಿ ಒಂದು ಚೌಕಟ್ಟು ಒಪ್ಪಿಗೆಯಾದದ್ದು 2023ರ ಡಿಸೆಂಬರ್‌ನಲ್ಲಿ. ಅದೂ ಕಡ್ಡಾಯವಲ್ಲ.

ಒಪ್ಪಂದಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಶಸ್ತ್ರ ವ್ಯಾಪಾರ ಒಪ್ಪಂದ 2013ರ ಏಪ್ರಿಲ್ 2ರಂದು 154 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದವರು ಮೂವರು: ಇರಾನ್, ಉತ್ತರ ಕೊರಿಯಾ, ಸಿರಿಯಾ. ಭಾರತ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಒಪ್ಪಂದ ಮಾರುವವರ ಕಡೆ ವಾಲಿದೆ, ಭಯೋತ್ಪಾದಕರ ವಿಷಯದಲ್ಲಿ ಬಿಗಿಯಿಲ್ಲ ಎಂಬುದು ನಮ್ಮ ತಕರಾರು. ತಕರಾರಿನಲ್ಲಿ ಹುರುಳಿದೆ. ಆದರೆ ಈಗ ನಾವೂ ಮಾರುವವರ ಸಾಲಿಗೆ ಸೇರುತ್ತಿದ್ದೇವೆ. ಹಾಗಾಗಿ ಆ ಹಳೇ ಉತ್ತರ ಎಷ್ಟು ದಿನ ಸಾಕಾಗುತ್ತದೋ ನೋಡಬೇಕು.

ನನಗೆ ಈಗ ಹೆಚ್ಚು ಚಿಂತೆ ಇರುವುದು ಕಾವಲುಗಾರರ ಬಗ್ಗೆ. ಉತ್ತರ ಕೊರಿಯಾ ಎಲ್ಲಿ ನಿರ್ಬಂಧ ಮುರಿಯುತ್ತಿದೆ ಎಂದು ವರ್ಷವರ್ಷ ವರದಿ ಮಾಡುತ್ತಿದ್ದ ತಜ್ಞರ ಸಮಿತಿಯನ್ನು ಮುಂದುವರಿಸುವ ನಿರ್ಣಯಕ್ಕೆ 2024ರ ಮಾರ್ಚ್ 28ರಂದು ರಷ್ಯಾ ವಿಟೊ ಹಾಕಿತು. ಏಪ್ರಿಲ್ ಕೊನೆಗೆ ಸಮಿತಿ ಮುಚ್ಚಿತು. ಅಷ್ಟರಲ್ಲಾಗಲೇ ರಷ್ಯಾ ಉತ್ತರ ಕೊರಿಯಾದಿಂದ ಫಿರಂಗಿ ಗುಂಡು ತರಿಸಿಕೊಳ್ಳುತ್ತಿತ್ತು. ನಿರ್ಬಂಧ ಕೈಯೆತ್ತಿ ಒಪ್ಪಿದವನೇ ಗಿರಾಕಿಯಾದ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರ ಹತ್ತಿರ? ಆ ವರ್ಷದ ಅಕ್ಟೋಬರ್‌ನಲ್ಲಿ ಹನ್ನೊಂದು ದೇಶಗಳು ಸೇರಿ ತಮ್ಮದೇ ಒಂದು ನಿಗಾ ತಂಡ ಮಾಡಿಕೊಂಡಿವೆ. ಅದು ವರದಿ ಬರೆಯಬಹುದು. ಆದರೆ ಅದರ ಹಿಂದೆ ಮಂಡಳಿಯ ಮೊಹರು ಇಲ್ಲ.

ಇನ್ನು ನಿಮ್ಮ ಸಣ್ಣ ಪ್ರಶ್ನೆ. ಕಿರೀಟದ ಕೆಳಗೆ ಇಂಗ್ಲಿಷಿನ ಬಿ.ಪಿ. ಅಥವಾ ಬಿ.ವಿ. ಅಕ್ಷರ ಇದ್ದರೆ ಆ ನಳಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ನಲ್ಲಿ ಪರೀಕ್ಷೆಯಾದದ್ದು. ಅಲ್ಲಿ 1813ರಿಂದ ಕೋವಿ ನಳಿಗೆಗಳಿಗೆ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಸಿಡಿಯದೆ ಉಳಿದವಕ್ಕೆ ಗುರುತು ಒತ್ತುತ್ತಿದ್ದಾರೆ. ಈ ಬಗೆಯ ಅಕ್ಷರ 1904ರಿಂದ ಈಚಿನದು. ಜಿ.ಪಿ. ಎಂದಿದ್ದರೆ ಲಂಡನ್. ಮುಂದಿನ ಸಲ ಠಾಣೆಯಿಂದ ಬಿಡಿಸಿಕೊಂಡು ಬಂದಾಗ, ಖಾಲಿ ಇದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ಆಮೇಲೆ ಕೋವಿ ಮಡಚಿ, ನಳಿಗೆಯ ಕೆಳಮೈಯನ್ನು ಸ್ವಲ್ಪ ಎಣ್ಣೆ ಬಟ್ಟೆಯಲ್ಲಿ ಒರೆಸಿ ನೋಡಿ. ಉಳಿದ ಅಕ್ಷರಗಳೂ ಅಲ್ಲೇ ಇರುತ್ತವೆ. ಉಪ್ಪುಕಾಗದ ಮಾತ್ರ ಹಾಕಬೇಡಿ. ಗುರುತು ಅಳಿದರೆ ಕೋವಿಗೂ ಚೆನ್ನಲ್ಲ, ಠಾಣೆಯಲ್ಲಿ ನಿಮಗೂ ಚೆನ್ನಲ್ಲ.